ಕಲ್ಲು ನಿಲ್ಲಿಸದ ಸಾವುಗಳು

ಕುರ್ಲಾ ಟರ್ಮಿನಸ್ಸಿನಲ್ಲಿ ಮತ್ಸ್ಯಗಂಧ ರೈಲಿಗೆ ಕಾಯುತ್ತಿದ್ದ ಹುಡುಗನೊಬ್ಬ ಪಕ್ಕದಲ್ಲಿದ್ದ ಹಿರಿಯರನ್ನು ಕೇಳಿದ ಮಾತು ನನ್ನನ್ನು ಬಿಡುತ್ತಿಲ್ಲ: "ಮಾಮ, ಆವತ್ತು ವಿ.ಟಿ.ಯಲ್ಲಿಯೂ ಜನ ಸತ್ತಿದ್ದರಾ? ತಾಜ್‌ನಲ್ಲಿ ಮಾತ್ರ ಅಲ್ವಾ?"

ಸತ್ತಿದ್ದರು. 2008ರ ನವೆಂಬರ್ 26ರ ರಾತ್ರಿ ಉಗ್ರರು ಮುಂಬಯಿಯ ಮೇಲೆ ದಾಳಿ ಮಾಡಿದಾಗ ವಿ.ಟಿ. (ಈಗಿನ ಸಿ.ಎಸ್.ಎಂ.ಟಿ.) ರೈಲು ನಿಲ್ದಾಣದಲ್ಲಿ 50ಕ್ಕೂ ಹೆಚ್ಚು ಮಂದಿ. ಒಟ್ಟು 166 ಸಾವುಗಳಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು. ತಾಜ್ ಹೋಟೆಲಿನಲ್ಲಾಗಲಿ ಒಬೆರಾಯ್‌ನಲ್ಲಾಗಲಿ ಅಷ್ಟು ಜನ ಸಾಯಲಿಲ್ಲ. ಆದರೂ ಪ್ರತಿ ನವೆಂಬರಿನಲ್ಲಿ ಟಿ.ವಿ.ಯಲ್ಲಿ ಏಳುವುದು ತಾಜ್ ಗುಮ್ಮಟದ ಹೊಗೆಯೇ.

ಕಾರಣ ಕೇಳಿದರೆ, ತಾಜ್‌ನ ಕಾಳಗ 29ರ ಬೆಳಗಿನವರೆಗೆ ನಡೆಯಿತು, ಕ್ಯಾಮೆರಾಗಳು ಅಲ್ಲೇ ನಿಂತವು ಎನ್ನುತ್ತಾರೆ. ಅರ್ಧ ನಿಜ. 2015ರ ನವೆಂಬರ್ 12ರಂದು ಬೈರೂತಿನಲ್ಲಿ ಉಗ್ರರ ದಾಳಿಗೆ 40ಕ್ಕೂ ಹೆಚ್ಚು ಜನ ಸತ್ತರು, ಮರುದಿನ ಪ್ಯಾರಿಸ್ಸಿನಲ್ಲಿ 130. ಜಗತ್ತಿನ ಎಷ್ಟೋ ಕಟ್ಟಡಗಳು ಫ್ರಾನ್ಸಿನ ಬಣ್ಣದಲ್ಲಿ ಬೆಳಗಿದವು. ಬೈರೂತಿಗೆ ಅಷ್ಟು ದೀಪ ಹಚ್ಚಲಿಲ್ಲವಲ್ಲ, ಅದು ಕ್ಯಾಮೆರಾದ ತಪ್ಪೇ?

ಯಾರ ಸಾವನ್ನು ನೆನೆಯುತ್ತೇವೆ ಎಂಬ ಪ್ರಶ್ನೆ ಬಂದಾಗ ನನಗೆ ವೀರಗಲ್ಲುಗಳು ನೆನಪಾಗುತ್ತವೆ. ಆತಕೂರಿನ ಕಲ್ಲನ್ನೇ ನೋಡಿ. ಹತ್ತನೆಯ ಶತಮಾನದಲ್ಲಿ ಹಂದಿಯೊಡನೆ ಕಾದಿ ಸತ್ತ ಕಾಳಿ ಎಂಬ ನಾಯಿಗೆ ಮಣಲೇರ ನಿಲ್ಲಿಸಿದ ಕಲ್ಲು ಅದು. ತುರು ಮರಳಿಸಲು ಹೋಗಿ ಮಡಿದ ಸಾಮಾನ್ಯರಿಗಂತೂ ಕರ್ನಾಟಕದ ಊರೂರಲ್ಲಿ ಕಲ್ಲುಗಳಿವೆ. ಮುಂಬಯಿಯೂ ಇದಕ್ಕೆ ಹೊರತಲ್ಲ. ಬೋರಿವಲಿಯ ಎಕ್ಸರ್‌ನಲ್ಲಿ ಹಡಗುಗಳ ಕಾಳಗ ಕೊರೆದ ವೀರಗಲ್ಲುಗಳಿವೆ, ಹೋಗಿ ನೋಡಿ. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು: ಅಡಿಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ತುದಿಯಲ್ಲಿ ಕೈಲಾಸ. ಕಾದಿ ಸತ್ತವನು ಬಡವನಾದರೂ ಅವನಿಗೆ ಕೈಲಾಸವುಂಟು. ದಾಳಿಯ ದಾರಿಯಲ್ಲಿ ಸಿಕ್ಕಿ ಸುಮ್ಮನೆ ಸತ್ತವರಿಗೆ ನಿಲ್ಲಿಸಿದ ಕಲ್ಲನ್ನು ಮಾತ್ರ ನಾನು ಕಂಡಿಲ್ಲ. ಇಂದಿನ ಪತ್ರಿಕೆಗಳು ಶ್ರದ್ಧಾಂಜಲಿಯಲ್ಲಿ ಅಧಿಕಾರಿಗಳ ಹೆಸರು ಬರೆದು "ಹಾಗೂ ಇತರರು" ಎಂದು ಮುಗಿಸುವುದೂ ಅದೇ ಚಾಳಿ. ಅದನ್ನು ಕಂಡಾಗಲೆಲ್ಲ ನನಗೆ ಮೈ ಉರಿಯುತ್ತದೆ.

ಇಷ್ಟು ಬರೆದ ಮೇಲೆ ಪ್ರಶ್ನೆಯೇ ಬೇರೆ ಅನ್ನಿಸುತ್ತಿದೆ. ಕಲ್ಲು ನಿಲ್ಲಿಸಲು ಕಾದಾಡಿ ಸತ್ತಿದ್ದರೆ ಸಾಲದು, ಸತ್ತವನು ನಮ್ಮವನು ಎನ್ನುವ ಒಂದು ಊರು ಬೇಕು. ವಿ.ಟಿ.ಯಲ್ಲಿ ದೂರದ ಗಾಡಿಗಳಿಗೆ ಕಾದು ಕುಳಿತವರಲ್ಲಿ ಎಷ್ಟೋ ಮಂದಿ ಉತ್ತರಪ್ರದೇಶ, ಬಿಹಾರದ ಕಡೆಯವರು. ಅದೇ ವರ್ಷದ ಫೆಬ್ರವರಿಯಲ್ಲಿ ಈ ನಗರದಲ್ಲಿ ಉತ್ತರದ ಟ್ಯಾಕ್ಸಿಯವರನ್ನು, ಬೀದಿ ವ್ಯಾಪಾರಿಗಳನ್ನು ಹೊರಗಿನವರೆಂದು ಹೊಡೆದಿದ್ದರು. ಬದುಕಿದ್ದಾಗ ಹೊರಗಿನವರಾದವರು ಸತ್ತ ಮೇಲೆ ನಗರದ ಮಕ್ಕಳಾಗುವುದು ಹೇಗೆ? 1960ರ ದಶಕದ ಕೊನೆಯಲ್ಲಿ ಇಲ್ಲಿನ ಉಡುಪಿ ಹೋಟೆಲುಗಳ ಮೇಲೆ ದಾಳಿ ನಡೆದಾಗ ಮುಂಬಯಿಯ ಕನ್ನಡಿಗರಾದ ನಾವೂ ಹೊರಗಿನವರೇ ಆಗಿದ್ದೆವು. ಇದು ನಮಗೆ ಉಳಿದವರಿಗಿಂತ ಬೇಗ ಅರ್ಥವಾಗಬೇಕಿತ್ತು.

ಕುರ್ಲಾದ ಬಂಟರ ಭವನದಲ್ಲಿ, ಮಾಟುಂಗದ ಮೈಸೂರು ಅಸೋಸಿಯೇಷನ್ನಿನಲ್ಲಿ, ನವೆಂಬರಿನಲ್ಲಿ ಕನ್ನಡಿಗರು ಎಲ್ಲೇ ಸೇರಲಿ, ಸಂಘಟಕರಲ್ಲಿ ನನ್ನದೊಂದು ವಿನಂತಿ: 166 ಹೆಸರುಗಳನ್ನೂ ವೇದಿಕೆಯಿಂದ ಓದಿಸಿ, ಹತ್ತು ಹದಿನೈದು ನಿಮಿಷ ಸಾಕು. ವಿ.ಟಿ.ಯವರಿಂದ ಶುರುಮಾಡಿ.