ಈ ಕ್ಯಾಶ್ ದುಡ್ಡಲ್ಲ, ಬಾಯಿಪಾಠವೂ ಅಲ್ಲ

ಹೋದ ವಾರ ಧರ್ಮಪುರಕ್ಕೆ ಹೋಗಿದ್ದೆ. ಅಕ್ಕನ ಮಗಳು ಕಂಪ್ಯೂಟರ್ ಆರ್ಕಿಟೆಕ್ಚರ್ ಪರೀಕ್ಷೆಗೆ ಓದುತ್ತಿದ್ದಳು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಈಗ ಇಂಜಿನಿಯರಿಂಗ್. ಕ್ಯಾಶ್ ಮೆಮೊರಿ, ವರ್ಚುವಲ್ ಮೆಮೊರಿ ಎರಡರ ವ್ಯಾಖ್ಯೆಯನ್ನೂ ಇಂಗ್ಲಿಷಿನಲ್ಲಿ ತಡವರಿಸದೆ ಒಪ್ಪಿಸಿದಳು.

"ಹಂಗಂದ್ರೇನವ್ವಾ?" ಅಂದೆ.

"ಅದು ಗೊತ್ತಿಲ್ಲ ಮಾಮ. ಬರೆದ್ರೆ ಮಾರ್ಕ್ಸ್ ಬರುತ್ತೆ."

ಪತ್ರಿಕೋದ್ಯಮಕ್ಕೆ ಬರುವ ಮುಂಚೆ ನಾನೂ ಬಿಸಿಎ ಓದಿದವನು. ಇದೇ ವಿಷಯದಲ್ಲಿ ಒಮ್ಮೆ ಫೇಲಾಗಿ, ನನ್ನ ತಲೆಗೆ ಇದು ಹತ್ತುವುದಲ್ಲ ಎಂದು ನಂಬಿದ್ದವನು. ಹತ್ತದೇ ಇದ್ದದ್ದು ವಿಷಯವಲ್ಲ, ಅದನ್ನು ಹೇಳಿದ ರೀತಿ.

ನಮ್ಮೂರ ಕಿರಾಣಿ ಅಂಗಡಿ ನೋಡಿ. ಬೀಡಿ, ಬೆಂಕಿಪೊಟ್ಟಣ ಕೈಗೆಟುಕುವಲ್ಲೇ ಇರುತ್ತವೆ. ಅಕ್ಕಿ ಮೂಟೆ ಒಳಕೋಣೆಯಲ್ಲಿ. ಅಲ್ಲೂ ಇಲ್ಲದ್ದು ಹಿರಿಯೂರಿನಿಂದ ಬರಬೇಕು. ಈಗ ಕೇಳಿದ್ದನ್ನೇ ಜನ ಮತ್ತೆ ಕೇಳುತ್ತಾರೆ, ಎಲೆ ಕೇಳಿದವರು ಅಡಿಕೆಯನ್ನೂ ಕೇಳುತ್ತಾರೆ. ಪುಸ್ತಕ 'ಲೊಕಾಲಿಟಿ' ಎನ್ನುವುದು ಇದನ್ನೇ. ಕೇಳಿದ ಒಂದೇ ಬೈಟ್ ತರದೆ ಅದರ ಅಕ್ಕಪಕ್ಕದ್ದನ್ನೂ ಸೇರಿಸಿ ಇಡೀ ಬ್ಲಾಕ್ ತರುವುದು ಅದಕ್ಕಾಗಿಯೇ.

ಹೋಲಿಕೆಗೂ ಮಿತಿ ಇದೆ. ಕ್ಯಾಶ್‌ನಲ್ಲಿರುವುದು ನಕಲು. ನಕಲನ್ನು ತಿದ್ದಿದರೆ ಮೂಲವನ್ನೂ ತಿದ್ದಬೇಕು. ಆಗಿಂದಾಗಲೇ ತಿದ್ದಿದರೆ ರೈಟ್ ಥ್ರೂ, ಜಾಗ ಖಾಲಿ ಮಾಡುವಾಗ ತಿದ್ದಿದರೆ ರೈಟ್ ಬ್ಯಾಕ್.

ಇನ್ನು ಲೆಕ್ಕ. ಕ್ಯಾಶ್‌ನಲ್ಲಿ ಸಿಕ್ಕರೆ 1 ನ್ಯಾನೊಸೆಕೆಂಡ್, ಸಿಗದಿದ್ದರೆ ಹೆಚ್ಚುವರಿ 100 ಎಂದುಕೊಳ್ಳಿ. ನೂರಕ್ಕೆ 95 ಸಲ ಸಿಕ್ಕರೆ ಸರಾಸರಿ 6 ನ್ಯಾನೊಸೆಕೆಂಡ್. 99 ಸಲ ಸಿಕ್ಕರೆ ಬರೀ 2. ನಾಲ್ಕೇ ಸಲದ ವ್ಯತ್ಯಾಸಕ್ಕೆ ಮೂರು ಪಟ್ಟು ವೇಗ! ಈ ಲೆಕ್ಕ ಮಾಡಿದವರಿಗೆ ಕ್ಯಾಶ್ ಏಕೆ ಬೇಕೆಂದು ಬೇರೆ ಹೇಳಬೇಕಿಲ್ಲ.

ವರ್ಚುವಲ್ ಮೆಮೊರಿಗೆ ನಮ್ಮ ಪೋಸ್ಟ್‌ಮ್ಯಾನ್ ಸಾಕು. ಕಾಗದದ ಮೇಲೆ ಹೆಸರಷ್ಟೇ ಇರುತ್ತದೆ, ಮನೆ ಹುಡುಕುವುದು ಅವನ ಕೆಲಸ. ಯಾರ ಮನೆ ಎಲ್ಲಿ ಎಂದು ಬರೆದ ಪಟ್ಟಿಯೇ ಪೇಜ್ ಟೇಬಲ್. ದಿನಾ ಹೋಗುವ ಮನೆಗಳು ಪಟ್ಟಿ ನೋಡದೆಯೂ ನೆನಪಿರುತ್ತವೆ, ಅದು ಟಿಎಲ್‌ಬಿ. ಮನೆಯವರು ಬೆಂಗಳೂರಿಗೆ ದುಡಿಯಲು ಹೋಗಿದ್ದರೆ? ಪೇಜ್ ಫಾಲ್ಟ್. ಅವರನ್ನು ಕರೆಸುವವರೆಗೆ ಕಾಯಬೇಕು. ನೆನಪಿಗೆ ಬರಲಿಲ್ಲ ಎಂದರೆ ಮನೆಯವರೇ ಊರಲ್ಲಿಲ್ಲ ಎಂದಲ್ಲ. ಟಿಎಲ್‌ಬಿ ಮಿಸ್ ಬೇರೆ, ಪೇಜ್ ಫಾಲ್ಟ್ ಬೇರೆ. ನಾನು ಅಂಕ ಕಳೆದುಕೊಂಡದ್ದು ಇಲ್ಲೇ.

ಇದು ಹುಟ್ಟಿದ್ದೂ ಕೊರತೆಯಿಂದಲೇ. 1962ರಲ್ಲಿ ಮ್ಯಾಂಚೆಸ್ಟರ್‌ನ ಅಟ್ಲಾಸ್ ಕಂಪ್ಯೂಟರಿನಲ್ಲಿ ವೇಗದ ಮೆಮೊರಿ ಚಿಕ್ಕದು, ನಿಧಾನದ ಡ್ರಮ್ ದೊಡ್ಡದು. ಎರಡೂ ಸೇರಿ ಒಂದೇ ಎಂಬಂತೆ ಕಾಣಿಸಿದರು. ಇರುವ ಸ್ವಲ್ಪದಲ್ಲಿ ಹೇಗೆ ತೂಗಿಸುವುದು ಎಂಬ ಪಾಠ ಬರದ ಸೀಮೆಯ ಮಕ್ಕಳಿಗೆ ಹೊಸದೇ?

2021ರಲ್ಲಿ ಎಐಸಿಟಿಇ ಕನ್ನಡವೂ ಸೇರಿ ಪ್ರಾದೇಶಿಕ ಭಾಷೆಗಳಲ್ಲಿ ಇಂಜಿನಿಯರಿಂಗ್ ಕಲಿಸಲು ಅವಕಾಶ ಕೊಟ್ಟಿತು. ಒಳ್ಳೆಯದೇ. ಆದರೆ ಅದಕ್ಕೆ ಕಾಯಬೇಕಿಲ್ಲ. ಪೇಜ್, ಬ್ಲಾಕ್, ಟ್ಯಾಗ್ ಪದಗಳು ಹಾಗೇ ಇರಲಿ, ವಿವರಣೆ ಕನ್ನಡದಲ್ಲಿ ಬರಲಿ. ಮೇಷ್ಟ್ರುಗಳು ವ್ಯಾಖ್ಯೆಗಿಂತ ಮೊದಲು ಲೆಕ್ಕ ಕೊಡಲಿ. ಪರೀಕ್ಷೆಗೆ ಓದುವವರು ಹತ್ತು ವ್ಯಾಖ್ಯೆ ಉರುಹೊಡೆಯುವ ಬದಲು ಐದು ಲೆಕ್ಕ ಮಾಡಲಿ.

ಅವತ್ತು ರಾತ್ರಿ ಅವಳಿಗೂ ಒಂದು ಕೊಟ್ಟೆ: ವಿಳಾಸ 32 ಬಿಟ್, ಪೇಜ್ 4 ಕೆಬಿ, ಪೇಜ್ ನಂಬರಿಗೆ ಎಷ್ಟು ಬಿಟ್? ಪುಸ್ತಕ ತೆಗೆಯಲಿಲ್ಲ. 4096 ಎಂದರೆ ಎರಡರ 12ನೇ ಘಾತ ಎಂದು ಬರೆದು, 32ರಲ್ಲಿ 12 ಕಳೆದಳು.

"ಇಪ್ಪತ್ತು. ಇಷ್ಟೇನಾ ಮಾಮ?"

ಇಷ್ಟೇ.