ರಾಜಭವನಕ್ಕೆ ಬಂದ ಒಬ್ಬರೇ ಮಹಿಳೆ

ಗಣರಾಜ್ಯೋತ್ಸವದ ಬೆಳಿಗ್ಗೆ ಬೆಂಗಳೂರಿನ ದಂಡು ಪ್ರದೇಶದ ಮಾಣೆಕ್ ಷಾ ಪೆರೇಡ್ ಮೈದಾನದಲ್ಲಿ ತೆರೆದ ಜೀಪೇರಿ ಕವಾಯತು ಪರಿವೀಕ್ಷಿಸಿ, ಗೌರವ ವಂದನೆ ಸ್ವೀಕರಿಸುವವರು ರಾಜ್ಯಪಾಲರು. 1956ರಲ್ಲಿ ಜಯಚಾಮರಾಜ ಒಡೆಯರ್ ಅವರಿಂದ ಮೊದಲ್ಗೊಂಡು ಇಲ್ಲಿಯವರೆಗೆ ಆ ಸ್ಥಾನಕ್ಕೆ ಬಂದ ಮಹಿಳೆ ವಿ.ಎಸ್. ರಮಾದೇವಿ ಒಬ್ಬರೇ (1999–2002). ಕಾನೂನು ಇಲಾಖೆಯಲ್ಲಿ ಪಳಗಿದ ಅವರು 1990ರ ನವೆಂಬರ್ 26ರಿಂದ ಡಿಸೆಂಬರ್ 11ರವರೆಗೆ ಮುಖ್ಯ ಚುನಾವಣಾ ಆಯುಕ್ತರಾಗಿದ್ದರು. ಆ ಹುದ್ದೆಗೇರಿದ ಮೊದಲ ಮಹಿಳೆ. ಮರುದಿನವೇ ಟಿ.ಎನ್. ಶೇಷನ್ ಬಂದರು, ಜನ ಶೇಷನ್‌ರನ್ನಷ್ಟೇ ನೆನಪಿಟ್ಟುಕೊಂಡರು. ಇದು ಅನ್ಯಾಯ. ರಾಜ್ಯಸಭೆಯ ಮೊದಲ ಮಹಿಳಾ ಪ್ರಧಾನ ಕಾರ್ಯದರ್ಶಿಯೂ ಅವರೇ. ಬಳಿಕ ರಾಜ್ಯಪಾಲರಾಗಿ ಹಿಮಾಚಲ ಪ್ರದೇಶ, ಆಮೇಲೆ ಕರ್ನಾಟಕ. 2013ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲೇ ನಿಧನರಾದರು. ಅವರು ಹುದ್ದೆ ಬಿಟ್ಟು ಎರಡು ದಶಕ ದಾಟಿದರೂ ಮತ್ತೊಬ್ಬ ಮಹಿಳೆ ನಮ್ಮ ರಾಜಭವನಕ್ಕೆ ಬಂದಿಲ್ಲ. ಮುಂದಿನ ನೇಮಕದ ಹೊತ್ತಿಗಾದರೂ ಕೇಂದ್ರ ಸರ್ಕಾರ ಇದನ್ನು ಗಮನಿಸಲಿ.