ಅಲಂಕಾರದ ಪಾಠ ಮಕ್ಕಳ ಮಾತಿನಿಂದ ಶುರುವಾಗಲಿ

ಅಲಂಕಾರವನ್ನು ಹೆಸರಿಸಿ, ಲಕ್ಷಣ ಬರೆದು ಸಮನ್ವಯಗೊಳಿಸಿ: ಪ್ರೌಢಶಾಲೆಯ ಕನ್ನಡ ಪ್ರಶ್ನೆಪತ್ರಿಕೆಯ ಈ ಪ್ರಶ್ನೆ ಎಲ್ಲರಿಗೂ ಪರಿಚಿತ. ಉಪಮೇಯ, ಉಪಮಾನ, ಸಮಾನಧರ್ಮ, ಉಪಮಾವಾಚಕ ಎಂಬ ನಾಲ್ಕು ಅಂಗಗಳನ್ನು ಮಕ್ಕಳು ಬಾಯಿಪಾಠ ಮಾಡುತ್ತಾರೆ. ಕಮಲದಂಥ ಮುಖ ಪುಸ್ತಕದಿಂದ ಉತ್ತರಪತ್ರಿಕೆಗೆ ಹೋಗಿ ಅಲ್ಲೇ ಉಳಿಯುತ್ತದೆ. ಹಿಡಕಲ್ ಜಲಾಶಯದ ಆಸುಪಾಸಿನ ಹುಕ್ಕೇರಿ, ಗೋಕಾಕ, ಮೂಡಲಗಿ ತಾಲ್ಲೂಕುಗಳ ಶಾಲೆಗಳಲ್ಲಾದರೂ ಈ ಕ್ರಮ ತಿರುಗುಮುರುಗಾಗಬೇಕು. ಮೊದಲು ಮಕ್ಕಳಾಡುವ ಮಾತು ಬರಲಿ, ಲಕ್ಷಣ ಅದರ ಬೆನ್ನಿಗೆ ಬರಲಿ.

ಗೋಕಾಕ ಜಲಪಾತವನ್ನೇ ನೋಡಿ. ಸುಮಾರು 52 ಮೀಟರ್ ಎತ್ತರದಿಂದ ಘಟಪ್ರಭೆ ಧುಮುಕುತ್ತದೆ. ಹಾಲಿನ ಹೊಳೆ ಎಂದು ಬರೆಯುವುದು ರೂಢಿ, ಆದರೆ ಮಳೆಗಾಲದಲ್ಲಿ ಆ ನೀರು ಮಣ್ಣು ಹೊತ್ತು ಕೆಂಪಗಿರುತ್ತದೆ. ‘ನೀರ ಕೆಂಪ ಗ್ವಾಡಿ ಹಂಗ ಬೀಳಾಕತ್ತೈತಿ’ ಎಂದು ಹುಡುಗಿಯೊಬ್ಬಳು ಹೇಳಿದರೆ ಉಪಮೆಯ ನಾಲ್ಕೂ ಅಂಗಗಳು ಅದರಲ್ಲಿವೆ: ಉಪಮೇಯ ನೀರು, ಉಪಮಾನ ಗೋಡೆ, ಸಮಾನಧರ್ಮ ಬೀಳುವುದು, ವಾಚಕ ‘ಹಂಗ’. ‘ಈ ನೀರು ಕೆಂಪ ಗ್ವಾಡಿನ’ ಎಂದರೆ ಎರಡಕ್ಕೂ ಭೇದವೇ ಉಳಿಯದೆ ರೂಪಕವಾಯಿತು. ‘ಗ್ವಾಡಿನ ಕುಸಿಯಾಕತ್ತೈತೇನೋ ಅನಸ್ತೈತಿ’ ಎಂದಾಗ ಕಲ್ಪನೆ ಸೇರಿ ಉತ್ಪ್ರೇಕ್ಷೆ. ಒಂದೇ ನೋಟ ಮೂರು ಬಗೆಯಾಗುವುದನ್ನು ಕಂಡ ಮಗುವಿಗೆ ಆ ಮೂರರ ವ್ಯತ್ಯಾಸ ಮರೆಯುವುದು ಕಷ್ಟ. ಪ್ರಾಸಕ್ಕೆ ಮದುವೆಮನೆಯ ಒಡಪುಗಳಿವೆ. ದೃಷ್ಟಾಂತಕ್ಕೆ, ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಯಿದೆ. ಹೊಗಳಿಕೆಯ ಸೋಗಿನಲ್ಲಿ ತೆಗಳುವ ವ್ಯಾಜಸ್ತುತಿಯನ್ನು ವಿವರಿಸಲು, ಒಂದು ಹೂವಿಗಾಗಿ ಸತ್ಯಭಾಮೆ ಮುನಿಯುವ ಶ್ರೀಕೃಷ್ಣ ಪಾರಿಜಾತಕ್ಕಿಂತ ಒಳ್ಳೆಯ ಸಂದರ್ಭ ಬೇಕೆ? ಆ ಬಯಲಾಟಕ್ಕೆ ಹೆಸರು ತಂದ ಕುಲಗೋಡ ತಮ್ಮಣ್ಣ, ಕೌಜಲಗಿ ನಿಂಗಮ್ಮ ಇದೇ ಸೀಮೆಯವರು.

ಆಡುಮಾತನ್ನು ತರಗತಿಗೆ ತಂದರೆ ಶಿಷ್ಟ ಕನ್ನಡ ಕೆಡುತ್ತದೆ, ಪರೀಕ್ಷೆ ರಾಜ್ಯಕ್ಕೆಲ್ಲ ಒಂದೇ ಎಂದು ಶಿಕ್ಷಕರು ಆಕ್ಷೇಪಿಸಬಹುದು. ಪರೀಕ್ಷೆಯ ಆತಂಕ ಸುಳ್ಳಲ್ಲ. ಆದರೆ ‘ಹಂಗ’ ಎಂಬುದೂ ವಾಚಕವೆಂದು ಗುರುತಿಸಿದವರಿಗೆ ‘ಅಂತೆ’, ‘ವೋಲ್’ ದೂರದ ಪದಗಳೆನಿಸುವುದಿಲ್ಲ. ಲಕ್ಷಣಗಳನ್ನು ಕೈಬಿಡಿ ಎಂದೂ ನಾನು ಹೇಳುತ್ತಿಲ್ಲ. ಹೆಸರಿಲ್ಲದೆ ಚರ್ಚೆ ಸಾಗದು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ದಂಡಿಯ ಕಾವ್ಯಾದರ್ಶದ ಲಕ್ಷಣಗಳನ್ನು ತೆಗೆದುಕೊಂಡಿತು. ಆದರೂ ಓದದೆಯೇ ಕಾವ್ಯಪ್ರಯೋಗದಲ್ಲಿ ಪಳಗಿದ ಜನ ಈ ನಾಡಿನವರು ಎಂದು ಹೆಮ್ಮೆಯಿಂದ ಸಾರಿತು. ಅದು ತಿರುಳ್ಗನ್ನಡದ ನೆಲೆಗಳಲ್ಲೊಂದಾಗಿ ಎಣಿಸಿದ ಒಕ್ಕುಂದ ಇರುವುದೂ ಬೆಳಗಾವಿ ಜಿಲ್ಲೆಯಲ್ಲೇ. ಇಂಥ ನೆಲದ ಮಕ್ಕಳಿಗೆ ಅಲಂಕಾರವನ್ನು ಗುರುತಿಸುವ ಪ್ರಶ್ನೆಯಷ್ಟೇ ಸಾಲದು. ಕಂಡದ್ದೊಂದನ್ನು ಉಪಮೆಯಾಗಿ, ರೂಪಕವಾಗಿ ಸ್ವಂತ ಮಾತಿನಲ್ಲಿ ಬರೆಯಿರಿ ಎಂಬ ಪ್ರಶ್ನೆಯೂ ಇರಲಿ, ಅದಕ್ಕೂ ಅಷ್ಟೇ ಅಂಕ ಸಿಗಲಿ.